ಕ್ಲೀನಿಂಗ್ ಬಿಲ್ ಜಾಸ್ತಿ ಬಂದಿದೆ, ತಡೆಹಿಡಿಯಬಹುದಾ?

ಪ್ರಶ್ನೆ: ಬಿ.ಎಚ್. ರಸ್ತೆಯ ಹತ್ತಿರ ನಮ್ಮದೊಂದು ಲಾಡ್ಜ್ ಇದೆ. ಕ್ಲೀನಿಂಗ್ ಕೆಲಸವನ್ನು ಏಜೆನ್ಸಿಗೆ ಕಾಂಟ್ರಾಕ್ಟ್ ಕೊಟ್ಟಿದ್ದೇವೆ. ದಿನಕ್ಕೆ 4 ಜನ, ತಿಂಗಳಿಗೆ 26 ದಿನ, 72,800 ರೂಪಾಯಿ, ಜಿಎಸ್‌ಟಿ ಬೇರೆ. ಜುಲೈ ಮಳೆಯಲ್ಲಿ ಎಷ್ಟೋ ದಿನ ಮೂರೇ ಜನ ಬಂದರು. ನಮ್ಮ ಪುಸ್ತಕದಲ್ಲಿ ಒಟ್ಟು 83 ಹಾಜರಿ ಇದೆ. ಆದರೂ ಪೂರ್ತಿ ಬಿಲ್ ಕಳಿಸಿದ್ದಾರೆ. ಅದರ ಮೇಲೆ ಪಾಚಿ ತೆಗೆದದ್ದಕ್ಕೆ 9,000 ಸೇರಿಸಿದ್ದಾರೆ. ಮೆಟ್ಟಿಲ ಮೇಲೆ ಒಬ್ಬರು ಜಾರಿ ಬಿದ್ದಾಗ ನಮ್ಮ ಮ್ಯಾನೇಜರೇ 'ಪಾಚಿ ಉಜ್ಜಿ' ಅಂದಿದ್ದು ನಿಜ, ದರ ಮಾತಾಡಿರಲಿಲ್ಲ. ತೆರಿಗೆ ಸೇರಿ 96,524 ಆಗಿದೆ. ಫೋನಿನಲ್ಲಿ ಜಗಳವಾಗಿ ಪೂರ್ತಿ ಹಣ ತಡೆದಿದ್ದೇನೆ. ಈಗ ಬಡ್ಡಿ ಹಾಕುತ್ತೇವೆ ಅನ್ನುತ್ತಾರೆ. ಗ್ರಾಹಕರ ನ್ಯಾಯಾಲಯಕ್ಕೆ ಹೋಗಲಾ?
ಲಾಡ್ಜ್ ಮಾಲೀಕರು, ಶಿವಮೊಗ್ಗ

ಉತ್ತರ: ಪೂರ್ತಿ ಬಿಲ್ ತಡೆಯಬೇಡಿ. ಇದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಇದರ ಪೆಟ್ಟು ಯಾರಿಗೆ ಬೀಳುತ್ತದೆ ಅಂತ ನಾನು ನೋಡಿದ್ದೇನೆ. ತೀರ್ಥಹಳ್ಳಿ ಕಡೆಯ ಒಂದು ಆಸ್ಪತ್ರೆಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ಹೀಗೇ ಎರಡು ತಿಂಗಳ ಬಿಲ್ ನಿಂತಿತ್ತು. ತಕರಾರು ಇದ್ದದ್ದು ಐದಾರು ಸಾವಿರಕ್ಕೆ. ಏಜೆನ್ಸಿಯವರು ಅದನ್ನೇ ನೆಪ ಮಾಡಿ ಯಾರಿಗೂ ಸಂಬಳ ಕೊಡಲಿಲ್ಲ. ಮೊದಲ ಬಸ್ಸಿಗೆ ಬಂದು ನೆಲ ಒರೆಸುತ್ತಿದ್ದ ಹೆಂಗಸೊಬ್ಬರು ಚೌತಿಯ ಹಿಂದಿನ ದಿನ ನನ್ನ ಟೇಬಲ್ ಹತ್ತಿರ ಬಂದು, 'ಅಮ್ಮಾ, ನಮ್ಮ ಬಿಲ್ಲು ಪಾಸಾಯ್ತಾ?' ಅಂತ ಕೇಳಿದರು. ಅವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮ ಲೆಕ್ಕ ನೋಡೋಣ. 4 ಜನ, 26 ದಿನ ಅಂದರೆ 104 ಹಾಜರಿ. ಒಂದು ಹಾಜರಿಗೆ 700 ರೂಪಾಯಿ ಬಿತ್ತು. 83 ಹಾಜರಿಗೆ 58,100, ಶೇ. 18 ಜಿಎಸ್‌ಟಿ 10,458, ಒಟ್ಟು 68,558. ಇದರಲ್ಲಿ ತಕರಾರೇ ಇಲ್ಲ ಅಲ್ವಾ? ಇವತ್ತೇ ಬ್ಯಾಂಕ್ ಮೂಲಕ ಕಳಿಸಿ. ಬಿಲ್ಲಿನಲ್ಲಿರುವ ಜಿಎಸ್‌ಟಿ ನಂಬರನ್ನು ಪೋರ್ಟಲ್‌ನಲ್ಲಿ ಒಮ್ಮೆ ಹಾಕಿ ನೋಡಿ. ಕಾಂಪೊಸಿಷನ್ ಸ್ಕೀಮಿನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆಯನ್ನು ತಾವೇ ಕಟ್ಟುವ ವ್ಯವಸ್ಥೆ) ಇರುವವರು ನಿಮ್ಮಿಂದ ತೆರಿಗೆ ವಸೂಲು ಮಾಡುವ ಹಾಗಿಲ್ಲ.

ಉಳಿದ 27,966ಕ್ಕೆ ಕಾಗದ ಬರೆಯಿರಿ. ಫೋನಿನಲ್ಲಿ ಎಷ್ಟು ಜಗಳವಾಡಿದರೂ ದಾಖಲೆ ಉಳಿಯುವುದಿಲ್ಲ. ಬಡ್ಡಿ ಅನ್ನುವುದು ಸುಮ್ನೆ ಬೆದರಿಕೆ ಅಂದುಕೊಳ್ಳಬೇಡಿ. ಏಜೆನ್ಸಿ ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ ಸಣ್ಣ ಉದ್ದಿಮೆಯಾಗಿದ್ದರೆ, ಅಂಥವರಿಗಾಗಿಯೇ ಇರುವ 2006ರ ಎಂಎಸ್‌ಎಂಇ ಕಾಯ್ದೆ ಅವರ ಬೆನ್ನಿಗಿದೆ. ಕರಾರಿನಲ್ಲಿ ಏನೇ ಬರೆದಿದ್ದರೂ ಹಣ ಕೊಡುವುದು 45 ದಿನ ದಾಟುವ ಹಾಗಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಅದೇ ಕಾಯ್ದೆಯಲ್ಲಿ ನಿಮಗೂ ಒಂದು ದಾರಿ ಇದೆ: ಕೆಲಸ ಆದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಕೊಡಬೇಕು. ಕೊಡದಿದ್ದರೆ ಒಪ್ಪಿದ ಹಾಗೆಯೇ ಲೆಕ್ಕ. ದಿನ ಮೀರಿದ್ದರೂ ಬರೆಯಿರಿ. ಹಾಜರಿ ಪುಸ್ತಕದ ಜುಲೈ ಪುಟಗಳ ನಕಲು ಲಗತ್ತಿಸಿ, ಸ್ಪೀಡ್ ಪೋಸ್ಟಿನಲ್ಲೂ ಇಮೇಲಿನಲ್ಲೂ ಕಳಿಸಿ.

ಜೊತೆಗೆ ಜುಲೈ ತಿಂಗಳ ಪಿಎಫ್, ಇಎಸ್‌ಐ ಪಟ್ಟಿ ಕೇಳಿ, ಹೆಸರುಗಳ ಸಮೇತ. ಯಾರಿಗೆ ಎಷ್ಟು ದಿನದ ಸಂಬಳ ಹಾಕಿದ್ದಾರೆ ಅಂತ ಅದರಲ್ಲಿ ಗೊತ್ತಾಗುತ್ತದೆ. 104 ಹಾಜರಿಗೆ ಬಿಲ್ ಮಾಡಿ 83ಕ್ಕೆ ಸಂಬಳ ಕೊಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಒಪ್ಪಿದರೆ ಕ್ರೆಡಿಟ್ ನೋಟ್, ಅಂದರೆ ಬಿಲ್ಲಿನಿಂದ ಇಷ್ಟು ಕಡಿಮೆ ಮಾಡಿದ್ದೇವೆ ಅನ್ನುವ ಚೀಟಿ, ತೆಗೆದುಕೊಳ್ಳಿ, ಬಾಯಿಮಾತು ಸಾಲದು.

ಪಾಚಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿಮ್ಮ ಕಡೆಯೂ ತಪ್ಪಿದೆ. ನಮ್ಮ ಮಳೆಗಾಲದಲ್ಲಿ ಜಂಬಿಟ್ಟಿಗೆ ಮೆಟ್ಟಿಲ ಪಾಚಿ ತೆಗೆಯುವುದು ಗುಡಿಸಿದಷ್ಟು ಸುಲಭ ಅಲ್ಲ. ಬ್ಲೀಚಿಂಗ್ ಪೌಡರ್ ಹಾಕಿ, ತಂತಿ ಬ್ರಷ್ ಹಿಡಿದು, ಬಗ್ಗಿ ಉಜ್ಜಬೇಕು. ನಿಮ್ಮ ಮ್ಯಾನೇಜರ್ ಹೇಳಿದರು, ಅವರು ಮಾಡಿದರು. ಪುಕ್ಕಟೆ ಅಂತ ಮಾಡದ ಕೆಲಸದ ಲಾಭ ಪಡೆದವರು ಅದಕ್ಕೆ ಹಣ ಕೊಡಬೇಕು ಅಂತ 1872ರ ಕರಾರು ಕಾಯ್ದೆಯ 70ನೇ ಸೆಕ್ಷನ್ ಹೇಳುತ್ತದೆ. ಆದರೆ ಕೇಳಿ: ಉಜ್ಜಿದವರು ದಿನಾ ಬರುವವರೇನಾ, ಹೊರಗಿನಿಂದ ಬಂದವರಾ? ದಿನದ ಕೆಲಸದ ಹೊತ್ತಿನಲ್ಲೇ ಉಜ್ಜಿದ್ದರೆ ಅವರ ಕೂಲಿ 83ರೊಳಗೇ ಬಂತು, ಪೌಡರ್ ಬ್ರಷ್ಷಿನ ಖರ್ಚು ಮಾತ್ರ ಕೊಡಿ. ಬೇರೆ ಜನ ಬಂದಿದ್ದರೆ ಅಷ್ಟು ಹಾಜರಿಗೆ ಅದೇ 700ರ ಲೆಕ್ಕ ಹಿಡಿಯಿರಿ.

ಗ್ರಾಹಕರ ಆಯೋಗ ನಿಮಗೆ ಆಗಿಬರುವುದು ಕಷ್ಟ. ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆಯನ್ನು 2019ರ ಕಾಯ್ದೆ ಹೊರಗಿಟ್ಟಿದೆ. ಏಜೆನ್ಸಿ ಮಾಲೀಕರನ್ನು ಕರೆದು ಎರಡೂ ಪುಸ್ತಕ ಎದುರುಬದುರು ಇಟ್ಟು ಕೂತುಕೊಳ್ಳಿ. ಮೆಟ್ಟಿಲು ಸೆಪ್ಟೆಂಬರ್‌ವರೆಗೂ ಜಾರುತ್ತದೆ, ಪಾಚಿ ಕೆಲಸದ ದರವನ್ನು ಅವತ್ತೇ ಬರೆಸಿ ಇಬ್ಬರೂ ಸಹಿ ಹಾಕಿ.