ಟಿಪ್ಪಣಿ ಮೊದಲೋ, ಪದ್ಯ ಮೊದಲೋ?

ಓದುಗರ ಪತ್ರ: ಮಗಳ ಎಂ.ಎ. ಪಠ್ಯದಲ್ಲಿರುವ ಟಿ.ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ಕವನವನ್ನು ಓದಲು ಕುಳಿತೆ. ಟಿಪ್ಪಣಿಗಳಿಲ್ಲದೆ ಒಂದು ಪುಟವೂ ದಾಟಲಾಗಲಿಲ್ಲ. ಇಷ್ಟೊಂದು ಟಿಪ್ಪಣಿ ಬೇಡುವುದನ್ನು ಕವಿತೆ ಎನ್ನಬಹುದೇ? ಟಿಪ್ಪಣಿಯನ್ನು ಕೈಬಿಟ್ಟರೆ ಯಾರು ಏನು ಅರ್ಥ ಹೇಳಿದರೂ ಸರಿ ಎಂದಾಗುವುದಿಲ್ಲವೇ?

ಸಂಪಾದಕರ ಉತ್ತರ:

ಮಾನ್ಯರೇ,

ತಮ್ಮ ಮೊದಲ ಪ್ರಶ್ನೆಗೆ ಕವಿಯೇ ಅರ್ಧ ಉತ್ತರ ಕೊಟ್ಟಿದ್ದಾನೆ. 1922ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಕ್ರೈಟೀರಿಯನ್’ ಪತ್ರಿಕೆಯಲ್ಲಿ ಈ ಕವನ ಅಚ್ಚಾದಾಗ ಅದಕ್ಕೆ ಟಿಪ್ಪಣಿಗಳೇ ಇರಲಿಲ್ಲ. ಅದೇ ವರ್ಷದ ಕೊನೆಗೆ ನ್ಯೂಯಾರ್ಕಿನಲ್ಲಿ ಅವು ಪುಸ್ತಕದೊಂದಿಗೆ ಬಂದವು. ಪುಸ್ತಕವಾಗಲು ಕವನ ತೀರ ಚಿಕ್ಕದಾಯಿತೆಂದು ಟಿಪ್ಪಣಿಗಳನ್ನು ಬೆಳೆಸಿದೆ ಎಂದು ಎಲಿಯಟ್ 1956ರ ಉಪನ್ಯಾಸವೊಂದರಲ್ಲಿ ಹೇಳಿಕೊಂಡ. (ಪುಟ ತುಂಬಿಸುವ ಕಷ್ಟ ಪತ್ರಿಕೆಯವರಾದ ನಮಗೂ ಹೊಸದಲ್ಲ.)

ಆದ್ದರಿಂದ ಮೊದಲು ಸಾಲುಗಳನ್ನು ಗಟ್ಟಿಯಾಗಿ ಓದಿ ನೋಡಬೇಕು. ಆರಂಭದ ಮೂರು ಸಾಲುಗಳಲ್ಲಿ ಪ್ರತಿಯೊಂದೂ ಅಲ್ಪವಿರಾಮದ ನಂತರ ಒಂಟಿ ಕ್ರಿಯಾಪದವೊಂದರಲ್ಲಿ ನಿಲ್ಲುತ್ತದೆ: ‘ಬ್ರೀಡಿಂಗ್’, ‘ಮಿಕ್ಸಿಂಗ್’, ‘ಸ್ಟರಿಂಗ್’. ಸಾಲು ಮುಗಿಯಿತೆನ್ನುವಷ್ಟರಲ್ಲಿ ಆ ಕ್ರಿಯಾಪದ ನಮ್ಮನ್ನು ಮುಂದಿನ ಸಾಲಿಗೆ ದೂಡುತ್ತದೆ. ಹಿಮದಡಿ ಬೆಚ್ಚಗೆ ಮಲಗಿದ್ದ ಬೇರುಗಳನ್ನು ವಸಂತದ ಮಳೆ ಎಬ್ಬಿಸುವ ಹಿಂಸೆ ಆ ದೂಡುವಿಕೆಯಲ್ಲೇ ಇದೆ. ಇದನ್ನು ಕೇಳಿಸಿಕೊಳ್ಳಲು ಯಾವ ಟಿಪ್ಪಣಿಯೂ ಬೇಡ.

ಆದರೆ ಕವನದ ಆ ಮೊದಲ ಸಾಲೇ ತಮ್ಮ ಎರಡನೆಯ ಪ್ರಶ್ನೆಗೂ ಎದುರಾಗುತ್ತದೆ. ಏಪ್ರಿಲ್ ಅತಿ ಕ್ರೂರ ತಿಂಗಳು ಎಂದೊಡನೆ ನಮ್ಮವರು ಸುಡುಬಿಸಿಲನ್ನು ನೆನೆದು ತಲೆದೂಗಿಬಿಡುತ್ತಾರೆ. ಅದು ತಪ್ಪು ಓದು. ಇಂಗ್ಲಿಷ್ ಕಾವ್ಯದಲ್ಲಿ ಹದಿನಾಲ್ಕನೆಯ ಶತಮಾನದ ಕವಿ ಚಾಸರ್‌ನ ಕಾಲದಿಂದಲೂ ಏಪ್ರಿಲ್ ಸಿಹಿಮಳೆಯ ತಿಂಗಳು. ಆ ಸಿಹಿಯನ್ನೇ ಕ್ರೂರವೆಂದಾಗ ಮಾತ್ರ ಸಾಲಿಗೆ ಅಲಗು ಬರುತ್ತದೆ.

ಅರ್ಥದ ಸ್ವಾತಂತ್ರ್ಯ ಎಷ್ಟರಮಟ್ಟಿನದು ಎಂಬುದಕ್ಕೆ ಕವನದ ಕೊನೆಯ ಭಾಗದಲ್ಲೇ ಒಂದು ದೃಷ್ಟಾಂತವಿದೆ. ಹಾರ್ವರ್ಡ್‌ನಲ್ಲಿ ಸಂಸ್ಕೃತ ಕಲಿತಿದ್ದ ಎಲಿಯಟ್ ಬೃಹದಾರಣ್ಯಕ ಉಪನಿಷತ್ತಿನಲ್ಲಿ ಗುಡುಗು ನುಡಿಯುವ ‘ದ’ಕಾರದ ಕಥೆಯನ್ನು ಅಲ್ಲಿಗೆ ತಂದಿದ್ದಾನೆ. (ಅವನ ಟಿಪ್ಪಣಿ ಐದನೆಯ ಅಧ್ಯಾಯದ ಒಂದನೆಯ ಬ್ರಾಹ್ಮಣವನ್ನು, ಅಂದರೆ ಉಪವಿಭಾಗವನ್ನು, ಸೂಚಿಸುತ್ತದೆ, ಕಥೆ ಇರುವುದು ಎರಡನೆಯದರಲ್ಲಿ.) ಪ್ರಜಾಪತಿ ‘ದ’ ಎಂದಾಗ ದೇವತೆಗಳಿಗೆ ‘ದಾಮ್ಯತ’ (ನಿಗ್ರಹಿಸಿಕೊಳ್ಳಿ), ಮನುಷ್ಯರಿಗೆ ‘ದತ್ತ’ (ಕೊಡಿ), ಅಸುರರಿಗೆ ‘ದಯಧ್ವಂ’ (ದಯೆ ತೋರಿ) ಎಂದು ಕೇಳಿಸಿತು; ಮೂವರಿಗೂ ಅವನು ‘ಸರಿಯಾಗಿ ತಿಳಿದಿರಿ’ ಎಂದ. ಅರ್ಥ ಮೂರಾದರೂ ‘ದ’ಕಾರವನ್ನು ಯಾರೂ ಬಿಟ್ಟುಕೊಡಲಿಲ್ಲ ಎಂಬುದನ್ನು ಗಮನಿಸಬೇಕು.

ಎಲಿಯಟ್ ಈ ಕ್ರಮವನ್ನು ಬದಲಿಸಿ ‘ದತ್ತ’ವನ್ನು ಮೊದಲಿಗೂ ‘ದಾಮ್ಯತ’ವನ್ನು ಕೊನೆಗೂ ಇಟ್ಟ, ಏಕೆಂದು ಟಿಪ್ಪಣಿಯಲ್ಲಿ ಹೇಳಲಿಲ್ಲ. ನಮ್ಮ ಓದು ಹೀಗಿದೆ: ನಾವು ಏನು ಕೊಟ್ಟಿದ್ದೇವೆ ಎಂದು ಮನುಷ್ಯರ ಪಾಠದಿಂದ ಆರಂಭವಾಗುವ ಕವನ, ದೇವತೆಗಳ ಪಾಠಕ್ಕೆ ಬರುವ ಹೊತ್ತಿಗೆ ‘ಆಗಿದ್ದರೆ ಆಗುತ್ತಿತ್ತು’ ಎಂಬ ಕ್ರಿಯಾರೂಪಕ್ಕೆ ಜಾರುತ್ತದೆ. ಅಲ್ಲಿನ ಸಾಲುಗಳ ಸಾರ ಇಷ್ಟು: ದೋಣಿ ಪಳಗಿದ ಕೈಗೆ ಒಲಿಯಿತು. ನಿನ್ನ ಹೃದಯವೂ ಕರೆದಿದ್ದರೆ ಒಲಿಯುತ್ತಿತ್ತು, ಅಂದರೆ ಒಲಿಯಲಿಲ್ಲ. ತಮ್ಮ ಮಗಳು ಇದನ್ನು ಒಪ್ಪದಿರಬಹುದು. ಹಾಗಾದರೆ ಯಾವ ಸಾಲನ್ನು ಹಿಡಿದು ಒಪ್ಪುವುದಿಲ್ಲವೆಂದು ಅವರೇ ನಮಗೆ ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

– ಸಂಪಾದಕ