ಬನವಾಸಿಗೂ ಎರಡು ಅಂಕೆ

ಪ್ರಶ್ನೆ: ಮೇಷ್ಟ್ರೇ, ಗೆಳೆಯರ ಮನೆಯಲ್ಲಿ ಜರ್ಮನಿಯ ಉಲ್ಮ್ ನಗರದ 1482ರ ಭೂಪಟದ ಪ್ರತಿ ಕಂಡೆ. ನಮ್ಮ ದೇಶ ಚಪ್ಪಟೆ, ಲಂಕೆ ಭಾರೀ ದೊಡ್ಡದು! ಇಷ್ಟು ತಪ್ಪಿರುವ ಹಳೆಯ ಭೂಗೋಳವನ್ನು ಪುನರುಜ್ಜೀವನ ಕಾಲದವರು ಮತ್ತೆ ಎತ್ತಿ ಹಿಡಿದದ್ದೇಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ನೋಡಿದ್ದು ಪ್ರಾಚೀನ ಗ್ರೀಕ್ ಭೂಗೋಳಜ್ಞ ಟಾಲೆಮಿಯ ಭಾರತ. ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಕೂತು, ವರ್ತಕರೂ ನಾವಿಕರೂ ಹೇಳಿದ್ದನ್ನು ಆಧರಿಸಿ ಆತ ಲೆಕ್ಕ ಹಾಕಿದ. ಆ ಲೆಕ್ಕದಲ್ಲಿ ಸಿಂಧೂ ಮುಖದಿಂದಾಚೆ ನಮ್ಮ ಕರಾವಳಿ ದಕ್ಷಿಣಕ್ಕೆ ಇಳಿಯುವುದನ್ನು ಬಿಟ್ಟು ಹೆಚ್ಚಾಗಿ ಪೂರ್ವಕ್ಕೇ ಓಡುತ್ತದೆ. ಪರ್ಯಾಯದ್ವೀಪ ಮಾಯವಾದದ್ದು ಹಾಗೆ. ಲಂಕೆಯಂತೂ ಸಮಭಾಜಕ ವೃತ್ತವನ್ನೂ ದಾಟಿ ಕೆಳಗೆ ಚಾಚಿದೆ. ಏಷ್ಯಾದ 12 ನಕ್ಷೆಗಳಲ್ಲಿ ಕೊನೆಯದು ಪೂರ್ತಿ ಅದಕ್ಕೇ ಮೀಸಲು.

ಆದರೆ ಆ ವಿದ್ವಾಂಸರು ಮನಸೋತದ್ದು ಕರಾವಳಿಯ ಗೆರೆಗಲ್ಲ, ಅಂಕೆಗಳಿಗೆ. ಸುಮಾರು 8,000 ಸ್ಥಳಗಳನ್ನು ಪಟ್ಟಿ ಮಾಡಿದ ಟಾಲೆಮಿ, ಅವುಗಳ ರೇಖಾಂಶ, ಅಕ್ಷಾಂಶಗಳನ್ನೂ ಬರೆದಿಟ್ಟಿದ್ದ. ಕಾನ್‌ಸ್ಟಾಂಟಿನೋಪಲ್‌ನ ಸನ್ಯಾಸಿ ಮ್ಯಾಕ್ಸಿಮಸ್ ಪ್ಲಾನುಡೀಸ್ 1295ರ ಹೊತ್ತಿಗೆ ಈ ಪಟ್ಟಿಯಿರುವ ಟಾಲೆಮಿಯ ಭೂಗೋಳ ಗ್ರಂಥವನ್ನು ಹುಡುಕಿ ತೆಗೆದಾಗ ಸಿಕ್ಕ ಪ್ರತಿಯಲ್ಲಿ ನಕ್ಷೆಗಳೇ ಇರಲಿಲ್ಲ. ಅಂಕೆಗಳಿದ್ದವಲ್ಲ, ನಕ್ಷೆಗಳನ್ನು ಹೊಸದಾಗಿ ಬರೆಯಲು ಅಷ್ಟೇ ಸಾಕಾಯಿತು! ಸಾವಿರ ವರ್ಷ ದಾಟಿ ಬಂದ ಪಟ್ಟಿಯಿಂದ ಒಂದು ಲೋಕವೇ ಎದ್ದು ನಿಂತದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮುಂದೆ ಫ್ಲಾರೆನ್ಸ್‌ನ ಯಾಕೊಪೊ ಆಂಜೆಲಿ ಅದನ್ನು ಲ್ಯಾಟಿನ್‌ಗೆ ತಂದ. 1477ರಲ್ಲಿ ಬೊಲೊನ್ಯಾದಲ್ಲಿ ನಕ್ಷೆಗಳ ಸಮೇತ ಅಚ್ಚಾಯಿತು. ಉಲ್ಮ್‌ನದು ಮರದಚ್ಚಿನ ಆವೃತ್ತಿ. ತಪ್ಪು ಅವರಿಗೆ ಗೊತ್ತಾಗಲಿಲ್ಲವೆಂದು ಎಣಿಸಬೇಡಿ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದಮೇಲೆ ನಮ್ಮ ಕರಾವಳಿಯ ನಿಜರೂಪ ಅವರಿಗೆ ತಿಳಿಯತೊಡಗಿತು. ಸ್ಟ್ರಾಸ್‌ಬರ್ಗ್‌ನ 1513ರ ಆವೃತ್ತಿಯಲ್ಲಿ ಟಾಲೆಮಿಯ 27 ನಕ್ಷೆಗಳನ್ನು ಹಾಗೇ ಇಟ್ಟು, ಹೊಸ ಕಾಲದ 20 ನಕ್ಷೆಗಳನ್ನು ಬೇರೆಯಾಗಿ ಸೇರಿಸಿದರು. ಹಳಬನನ್ನು ಅಳಿಸದೆ ಪಕ್ಕದಲ್ಲೇ ಅವನನ್ನು ತಿದ್ದಿದ ಈ ಕ್ರಮ ನನಗೆ ಬಹಳ ಹಿಡಿಸುತ್ತದೆ.

ನೀವು ಶಿರಸಿಯವರು ಎಂದಮೇಲೆ ಇನ್ನೊಂದು ಮಾತು. ಆ ಪಟ್ಟಿಯ ಏಳನೆಯ ಭಾಗದಲ್ಲಿ ನಿಮ್ಮ ತಾಲ್ಲೂಕಿನ ಬನವಾಸಿಯೂ ಇದೆ, ಗ್ರೀಕ್ ಉಚ್ಚಾರದಲ್ಲಿ. ಪಾಠ ಮಾಡುತ್ತಿದ್ದಾಗ ಒಮ್ಮೆ ಒಂಬತ್ತನೇ ತರಗತಿಯ ಮಕ್ಕಳಿಗೆ ಗ್ರಾಫ್ ಹಾಳೆ ಕೊಟ್ಟು, ಟಾಲೆಮಿಯ ಹತ್ತು ಊರುಗಳನ್ನು ಚುಕ್ಕಿಯಿಟ್ಟು ಗುರುತಿಸಲು ಹೇಳಿದ್ದೆ. ನಕ್ಷೆ ಸೊಟ್ಟಗೇ ಬಂತು. ಬನವಾಸಿಯ ಚುಕ್ಕಿಗೆ ಮಾತ್ರ ಪ್ರತಿಯೊಬ್ಬರೂ ಕೆಂಪು ಬಣ್ಣ ಹಚ್ಚಿದ್ದರು.