ಕಛೇರಿಗೂ ಸಿನಿಮಾ ಹಾಡಿಗೂ ಒಂದೇ ಇಯರ್‌ಫೋನ್ ಸಾಕೇ?

ನಮಸ್ಕಾರ. ಕರ್ನಾಟಕ ಸಂಗೀತದ ಕಛೇರಿಗಳಿಗೂ ಅಬ್ಬರದ ಸಿನಿಮಾ ಹಾಡುಗಳಿಗೂ ಒಂದೇ ಇಯರ್‌ಫೋನ್ ಸಾಕಾಗುವುದೇ ಎಂದು ಕೇಳಿದ್ದೀರಿ. ಖಂಡಿತ ಸಾಕು, ಆದರೆ ಕೊಳ್ಳುವಾಗ ಕಛೇರಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಬಾಸ್ (ತಗ್ಗಿನ ಧ್ವನಿ) ಹೆಚ್ಚಿಸಿದ ಮಾದರಿಗಳಲ್ಲಿ 100ರಿಂದ 250 ಹರ್ಟ್ಸ್‌ವರೆಗಿನ ಧ್ವನಿಯೂ ಉಬ್ಬಿಕೊಂಡಿದ್ದರೆ, ಮೃದಂಗದ ಎಡಭಾಗದ ಗುಂಕಿಯು (ತಗ್ಗಿನ, ಗುಂಯ್ಗುಡುವ ನಾದ) ಗಾಯಕರ ಮಂದ್ರಸ್ಥಾಯಿಯನ್ನು ಮುಚ್ಚಿಬಿಡುತ್ತದೆ. ವೀಣೆಯ ಗಮಕದಲ್ಲಿ ತಂತಿ ಎಳೆದಾಗ ಸ್ವರವು ಜಾರುವ ಸೂಕ್ಷ್ಮತೆಯೂ ಮಸುಕಾಗುತ್ತದೆ. ಇದು ನನಗೆ ಸಹಿಸಲಾಗದ ನಷ್ಟ. ಇನ್ನೊಂದೆಡೆ, 5ರಿಂದ 8 ಕಿಲೋಹರ್ಟ್ಸ್ ಭಾಗವು ಅತಿಯಾದರೆ ‘ಸ’, ‘ಶ’ ಅಕ್ಷರಗಳು ಕಿವಿಗೆ ಚುಚ್ಚುತ್ತವೆ, ಪಿಟೀಲು ಕರ್ಕಶವಾಗುತ್ತದೆ.

ಆದ್ದರಿಂದ ಮಧ್ಯದ ಧ್ವನಿ ಸಹಜವಾಗಿರುವ, ಒಂದೇ ಡೈನಾಮಿಕ್ ಡ್ರೈವರ್ (ಧ್ವನಿ ಹೊಮ್ಮಿಸುವ ಪುಟ್ಟ ಸ್ಪೀಕರ್) ಉಳ್ಳ ಸಾಧಾರಣ ಬೆಲೆಯದನ್ನೇ ಆರಿಸಿ. ಡ್ರೈವರ್‌ಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಗುಣಮಟ್ಟ ಹೆಚ್ಚುವುದಿಲ್ಲ. ಸಿನಿಮಾ ಹಾಡು ಕೇಳುವಾಗ ಫೋನಿನ ಈಕ್ವಲೈಜರ್‌ನಲ್ಲಿ (ಧ್ವನಿಯ ಬೇರೆ ಬೇರೆ ಭಾಗಗಳನ್ನು ಏರಿಸಿ ಇಳಿಸುವ ಸೌಲಭ್ಯ) 60 ಹರ್ಟ್ಸ್ ಸುತ್ತಮುತ್ತಲ ಬಾಸನ್ನು 3–4 ಡೆಸಿಬಲ್ ಏರಿಸಿಕೊಳ್ಳಬಹುದು. ಅದಕ್ಕೂ ಮೊದಲು ಪೆಟ್ಟಿಗೆಯಲ್ಲಿರುವ ಎಲ್ಲ ಅಳತೆಯ ಸಿಲಿಕೋನ್ ತುದಿಗಳನ್ನೂ ಹಾಕಿ ನೋಡಿ: ತುದಿಯು ಕಿವಿಯ ದ್ವಾರವನ್ನು ಪೂರ್ತಿ ಮುಚ್ಚದಿದ್ದರೆ ಎಷ್ಟು ಬೆಲೆಯ ಇಯರ್‌ಫೋನ್ ಆದರೂ ಬಾಸ್ ಸೋರಿಹೋಗುತ್ತದೆ. ಎಡ, ಬಲ ಕಿವಿಗಳಿಗೆ ಬೇರೆ ಬೇರೆ ಅಳತೆಯ ತುದಿ ಬೇಕಾಗುವುದೂ ಉಂಟು.